ಹೆಸರು ಹೇಳುವಷ್ಟು ಹೊತ್ತು

"ಕರೆ ಬಂದ್ರೆ ಎಲ್ಲಿ ರಿಂಗಾಗ್ಬೇಕು, ಅದೊಂದನ್ನ ಹೇಳಿಬಿಡಿ ಬ್ರಾಕ್ಮನ್ ಅಮ್ಮೋರೆ," ಎಂದ ಫೋನ್ ಕಂಪನಿಯ ಓಲ್ಶೆವ್ಸ್ಕಿ, ಅಡುಗೆಮನೆಯ ನೆಲದ ಮೇಲೆ ಮಂಡಿಯೂರಿಕೊಂಡೇ. ಊರಿಗೆ ಊರೇ ಹಳೆಯ ತಾಮ್ರದ ತಂತಿಯನ್ನು ಬಿಡುತ್ತಿತ್ತು. ಇನ್ನು ಮುಂದೆ ಫೋನು ಇಂಟರ್ನೆಟ್ಟಿನ ಮೇಲೆ. ಮನೆಗೆ ಹನ್ನೊಂದು, ಅಂಗಳದಾಚೆಯ ಸಾಣೆ ಅಂಗಡಿಗೆ ಹನ್ನೆರಡು ಎಂದು ಒಳನಂಬರು ಕೊಟ್ಟು ಅವನು ಲ್ಯಾಪ್‌ಟಾಪಿನಲ್ಲಿ ಚೌಕಗಳನ್ನು ತುಂಬುತ್ತಿದ್ದ. "ಯಜಮಾನ್ರು ಚೀಟಿಯೇನೋ ಕೊಟ್ಟಿದಾರೆ. ಆದ್ರೂ ನಿಮ್ಮನ್ನ ಒಂದು ಮಾತು ಕೇಳೋಣ ಅಂತ."

ಗುಡ್ರುನ್ ಬ್ರಾಕ್ಮನ್ ಸೊಟ್ಟಗೆ ಕಾಲು ಚಾಚಿ ಕುರ್ಚಿಯಲ್ಲಿ ಕೂತಿದ್ದಳು. ಚೀಟಿ ತೆಗೆದುಕೊಂಡು ಓದಿದಳು. ಗಂಡ ಡೀಟ್‌ಮಾರನ ದುಂಡು ಅಕ್ಷರ: ಅಂಗಡಿಯ ಕರೆಗಳೆಲ್ಲ ಗುಡ್ರುನಳ ಮೊಬೈಲಿಗೆ. ಕೆಳಗೆ ಎರಡು ಗೆರೆ ಎಳೆದಿದ್ದ.

ಸೋಮವಾರ ಅವಳ ಮಂಡಿಯ ಶಸ್ತ್ರಚಿಕಿತ್ಸೆ. ಆಮೇಲೆ ಮೂರು ವಾರ ಗುಡ್ಡದ ಮೇಲಿನ ಆರೈಕೆಮನೆ. ಅಲ್ಲಿಯೂ ಬಿಡುಗಡೆಯಿಲ್ಲ ಎಂದಾಯಿತು.

ಮೂವತ್ತೊಂದು ವರ್ಷದಿಂದ ಈ ಮನೆಯ ಫೋನನ್ನು ಅವಳೇ ಎತ್ತುತ್ತಿದ್ದಳು. ಅರ್ಧ ಸುಲಿದ ಆಲೂಗಡ್ಡೆ ಬಿಟ್ಟು, ಜ್ವರದಲ್ಲಿ ಎದ್ದು, ಏಪ್ರನ್ನಿಗೆ ಕೈ ಒರೆಸಿಕೊಳ್ಳುತ್ತ. ಅಲ್ಲಿಯ ಪದ್ಧತಿಯಂತೆ ಫೋನೆತ್ತಿದವರು ಮೊದಲು ಮನೆತನದ ಹೆಸರು ಹೇಳಬೇಕು; ಹೇಳದಿದ್ದರೆ ನಂಬರು ತಪ್ಪಿತೆಂದು ಆಚೆಯವರು ಇಟ್ಟುಬಿಡುತ್ತಾರೆ. ಡೀಟ್‌ಮಾರನಿಗೆ ಉಗ್ಗು. ಬೇರೆ ಮಾತೆಲ್ಲ ಹೇಗೋ ಹೊರಬರುತ್ತಿತ್ತು, ತನ್ನ ಹೆಸರೊಂದೇ ಬಾಗಿಲಲ್ಲೇ ಸಿಕ್ಕಿಕೊಳ್ಳುತ್ತಿತ್ತು. ಮದುವೆಯಾದ ವರ್ಷ ಒಮ್ಮೆ ಎತ್ತಿದ್ದ. ಆಚೆಯವನು ನಕ್ಕು, "ತಂತಿ ಕೆಟ್ಟಿದೆಯೇನೋ" ಎಂದಿದ್ದ. ಡೀಟ್‌ಮಾರ್ ಮತ್ತೆ ಫೋನು ಮುಟ್ಟಲಿಲ್ಲ. ರೊಟ್ಟಿ ಅಂಗಡಿಯಲ್ಲಿ, ಡಾಕ್ಟರ ಮುಂದೆ, ಎಲ್ಲಿಯೇ ಆಗಲಿ, ಗಂಡನ ಮಾತಿನ ಬಾಲ ಹಿಡಿದು ದಡ ಸೇರಿಸುವುದು ಗುಡ್ರುನಳಿಗೆ ಉಸಿರಾಡಿದಷ್ಟೇ ರೂಢಿಯಾಗಿತ್ತು.

"ಬೇಡಾಂದ್ರೆ ಯಂತ್ರದ ದನಿ ಹಾಕೋಣ," ಎಂದ ಓಲ್ಶೆವ್ಸ್ಕಿ. "ಗರಗಸಕ್ಕೆ ಒಂದು ಒತ್ತಿ, ಕತ್ತರಿಗೆ ಎರಡು ಒತ್ತಿ."

"ನಮ್ಮ ರೈತರು ಒತ್ತೋದು ಒಂದೇ ಗುಂಡಿ ಕಣಪ್ಪಾ. ಕೆಂಪುದು."

ಅಷ್ಟರಲ್ಲಿ ಡೀಟ್‌ಮಾರ್ ಖಾಲಿ ಕಾಫಿ ಲೋಟ ಹಿಡಿದು ಬಂದ. ಹುಬ್ಬಿನ ಮೇಲೆ ಉಕ್ಕಿನ ಪುಡಿ. ಹೆಂಡತಿಯ ಕೈಯಲ್ಲಿದ್ದ ಚೀಟಿ ಕಂಡು ಅಲ್ಲೇ ನಿಂತ.

"ಮಂಡಿ ಕೊಯ್ತಾ ಇರೋವಾಗ ಫೋನ್ ಬಂದ್ರೆ? ಸ್ವಲ್ಪ ತಡೀರಿ ಡಾಕ್ಟ್ರೇ, ಯಾರದೋ ಗರಗಸವಂತೆ, ಅನ್ಲಾ?" ಎಂದಳು ಗುಡ್ರುನ್. ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿಗೂ ತ್ರಾಣ ಬೇಕು.

"ಮೂ... ಮೂರೇ ವ್... ವ್..."

'ವಾರ' ಎಂಬುದು ಅವಳ ನಾಲಿಗೆಯ ತುದಿಗೆ ಬಂತು. ಅವನೂ ಕಾದ, ಎಂದಿನಂತೆ ಅವಳು ಕೊಡುತ್ತಾಳೆಂದು. ಅವಳು ಕೊಡಲಿಲ್ಲ. ಕತ್ತಲಲ್ಲಿ ಮೆಟ್ಟಿಲು ತಪ್ಪಿದವನಂತೆ ಅವಳನ್ನು ನೋಡಿ, ಅರ್ಧ ಮಾತನ್ನು ಅಲ್ಲೇ ಬಿಟ್ಟು, ಕಾಫಿಯನ್ನೂ ಮರೆತು ಅಂಗಳಕ್ಕಿಳಿದ. ಸಾಣೆಯ ಕೀರಲು ಮತ್ತೆ ಶುರುವಾಯಿತು.

"ಅಂಗಡಿಗೆ, ಹನ್ನೆರಡಕ್ಕೆ ಹಾಕಿ," ಎಂದಳು. "ಹನ್ನೆರಡಕ್ಕೆ ಮಾತ್ರ."

"ಅವ್ರು ಎತ್ತದಿದ್ರೆ?"

"ರಿಂಗಾಗ್ತಾ ಇರ್ಲಿ."

ಓಲ್ಶೆವ್ಸ್ಕಿ ಕೊನೆಯ ಚೌಕ ತುಂಬಿ, ತನ್ನ ಮೊಬೈಲನ್ನು ಅವಳ ಮುಂದಿಟ್ಟ. "ಹೊರಗಿನೋರು ಮಾಡಿದ ಹಾಗೆ ಒಂದ್ಸಲ ಮಾಡಿ ನೋಡಿ. ನನ್ನ ನಂಬರು ಅವ್ರಿಗೆ ಗೊತ್ತಿಲ್ಲ. ನಾನು ಗಾಡಿಯಿಂದ ಏಣಿ ತರ್ತೀನಿ."

ಮೂವತ್ತೊಂದು ವರ್ಷ ತಾನೇ ಎತ್ತಿದ ನಂಬರು. ಅದಕ್ಕೆ ಕರೆ ಮಾಡುವ ಪ್ರಮೇಯ ಅವಳಿಗೆ ಬಂದದ್ದು ಕಡಿಮೆ. ನಿಧಾನವಾಗಿ ಒತ್ತಿದಳು. ಅಂಗಳದಾಚೆ ಹೊಸ ಫೋನು ರಿಂಗಣಿಸತೊಡಗಿತು. ಸಾಣೆ ನಿಲ್ಲಲಿಲ್ಲ. ಐದು ಸಲ ರಿಂಗಣಿಸಿತು. ಎಂಟು. ಇಟ್ಟುಬಿಡೋಣ ಎನ್ನಿಸಿತು. ಹನ್ನೊಂದನೆಯದಕ್ಕೆ ಕೀರಲು ಇಳಿಯಿತು, ರಿಂಗಣಿಸುವುದೂ ನಿಂತಿತು.

ಕಿವಿಯಲ್ಲಿ ಉಸಿರು. ಆಮೇಲೆ,

"ಬ್..."

ಹೆಸರು ಇಡಿಯಾಗಿ ಅವಳ ಬಾಯಲ್ಲಿ ಸಿದ್ಧವಾಗಿತ್ತು. ಅವಳು ಅಂಗೈಯಿಂದ ಬಾಯಿ ಮುಚ್ಚಿಕೊಂಡಳು.

"ಬ್... ಬ್ರ..."

ಒಲೆಯ ಮೇಲೆ ಹಾಲು ಕೆನೆಗಟ್ಟುತ್ತಿತ್ತು. ಬಾಗಿಲಲ್ಲಿ ಓಲ್ಶೆವ್ಸ್ಕಿ ಏಣಿ ಹೊತ್ತು ಹಾಗೇ ನಿಂತಿದ್ದ. ಅವಳಿಗೆ ಅವಸರವಿರಲಿಲ್ಲ. ಅಂಗಡಿಯ ಕಿಟಕಿಯೊಳಗೆ, ವಿದ್ಯುತ್ತು ಆರಿಸಿದ ಮೇಲೂ, ಸಾಣೆಚಕ್ರ ವೇಗ ಕಳೆದುಕೊಳ್ಳುತ್ತ ಸದ್ದಿಲ್ಲದೆ ಸುತ್ತುತ್ತಿತ್ತು.