ಲಾಭ, ಎರಡು, ಮೂರು, ನಾಲ್ಕು

ಈಶ್ವರನ ಮನೆಯಲ್ಲಿ ಅಕ್ಕಿ ಡಬ್ಬಕ್ಕೆ ಜಾಗ ಸಾಲದಿದ್ದರೂ ಹಳೇ ಗ್ರಾಮಫೋನ್ ಪ್ಲೇಟುಗಳಿಗೆ ಎರಡು ಬೀರು ಇದ್ದವು. ಹಗಲು ವಿಮಾ ಕಚೇರಿಯ ನೌಕರಿ, ಸಂಜೆ ಗುಜರಿ ಅಂಗಡಿಗಳ ಪ್ರದಕ್ಷಿಣೆ. ಹೆಂಡತಿ ಶಿವರಂಜಿನಿ, “ಮದ್ವೆಗೆ ಮುಂಚೆ ನಮ್ಮನೆಯೋರು ಜಾತಕ ನೋಡಿದ್ರು, ಬೀರು ನೋಡ್ಲಿಲ್ಲ” ಎಂದು ಚಾಮರಾಜಪೇಟೆಗೆಲ್ಲ ಕೇಳುವಂತೆ ಹೇಳುತ್ತಿದ್ದಳು.

ಗುಜರಿಯಲ್ಲಿ ಈ ಪ್ಲೇಟು ಸಿಕ್ಕ ಮೇಲಂತೂ ಆಸಾಮಿ ಪೂರಾ ಕೈತಪ್ಪಿ ಹೋದ. ತಿಂಡಿ ತಟ್ಟೆಯಷ್ಟಗಲದ ಕರೀ ಪ್ಲೇಟು. ನಡುವೆ ಅಂಟಿಸಿದ ಬಿಳಿ ಕಾಗದದ ಮೇಲೆ ಹೆಸರಿಲ್ಲ, ಊರಿಲ್ಲ. ಮುಳ್ಳು ಇಟ್ಟರೆ ಒಬ್ಬ ಹುಡುಗಿ ಇಂಗ್ಲಿಷಿನಲ್ಲಿ ಹಾಡುತ್ತಾಳೆ. ಸೋಲ್ ಸಂಗೀತವಂತೆ. ಅಮೆರಿಕದ ಕಪ್ಪು ಜನ ಚರ್ಚಿನ ಭಜನೆಯ ಬಿಸಿಯನ್ನು ಪ್ರೇಮದ ಹಾಡಿಗೆ ತಂದು ಕಟ್ಟಿದ್ದು. ಎದೆಯಲ್ಲಿರುವುದನ್ನು ಮುಚ್ಚುಮರೆಯಿಲ್ಲದೆ ಗಂಟಲಿಗೆ ತರಬೇಕು, ಆ ಹುಡುಗಿ ತಂದಿದ್ದಳು. ಹಾಡು ಮುಗಿದದ್ದೇ ತಡ “ಅಯ್ಯಯ್ಯಪ್ಪಾ!” ಎಂದು ಕನ್ನಡದಲ್ಲೇ ನಕ್ಕುಬಿಟ್ಟಿದ್ದಳು. ಅಂದ ಮೇಲೆ ನಮ್ಮ ಕಡೆಯವಳೇ, ಸಂಶಯವಿಲ್ಲ.

ಮರೆತುಹೋದ ಹಾಡುಗಳನ್ನು ಮತ್ತೆ ಹೊರತರುವ ಲಂಡನ್ನಿನ ಸಣ್ಣ ಕಂಪನಿಯೊಂದಕ್ಕೆ ಈಶ್ವರ ಹಾಡಿನ ಪ್ರತಿ ಕಳಿಸಿದ. ಅವರು ಕುಣಿದಾಡಿದರು. ಆದರೆ ಈ ವಾರದೊಳಗೆ ಹೆಸರು ಸಿಗದಿದ್ದರೆ “ಗಾಯಕಿ ಅಜ್ಞಾತ” ಎಂದೇ ಅಚ್ಚು ಹಾಕುತ್ತೇವೆ ಎಂದರು. ಹೆಸರಿಡದೆ ಮಗುವನ್ನು ತೊಟ್ಟಿಲಿಗೆ ಹಾಕಿದ ಹಾಗೆ, ಎಂದು ಈಶ್ವರನಿಗೆ ಸಂಕಟವಾಯಿತು. ಇಷ್ಟು ಚೆನ್ನಾಗಿ ಹಾಡಿದವಳು ಎರಡನೇ ಸಲವೂ ಯಾರೋ ಆಗಿಯೇ ಉಳಿಯಬೇಕೆ?

ಇಂಗ್ಲಿಷ್ ಹಾಡು ಎಂದ ಮೇಲೆ ಹಿಂದೆ ಇಂಗ್ಲಿಷರಿದ್ದ ದಂಡಿನ ಕಡೆಯೇ ಸರಿ ಎಂದು ಅವನು ಫ್ರೇಜರ್ ಟೌನು, ಕಾಕ್ಸ್ ಟೌನು ಎಲ್ಲ ಸುತ್ತಿದ. ಹಳೇ ಬ್ಯಾಂಡಿನವರ ಮನೆಗಳಲ್ಲಿ ಕೇಕು ತಿಂದ, ಆಲ್ಬಂ ನೋಡಿದ, ಕೇಳದಿದ್ದರೂ ನುಡಿಸಿದ ಗಿಟಾರು ಕೇಳಿದ. ಹುಡುಗಿಯ ಸುಳಿವು ಮಾತ್ರ ಇಲ್ಲ.

ಇಲ್ಲಿ ಒಂದು ಮಾತು ಹೇಳಬೇಕು. ಪ್ಲೇಟಿನ ಅಂಚಿನಲ್ಲಿ ಆಳವಾದ ಗೀರಿತ್ತು. ಪ್ಲೇಟು ಸಂಗ್ರಹಿಸುವವರ ಮಡಿ ಯಾವ ಮಠದವರಿಗೂ ಕಡಿಮೆಯಿಲ್ಲ. ಮುಳ್ಳು ಕೆಡುತ್ತದೆಂದು ಈಶ್ವರ ಯಾವತ್ತೂ ಗೀರು ದಾಟಿಸಿಯೇ ಹಾಡು ಹಾಕುತ್ತಿದ್ದ. ಲಂಡನ್ನಿಗೆ ಹೋದದ್ದೂ ಹಾಗೆ ದಾಟಿಸಿದ ಹಾಡೇ.

ಶನಿವಾರ ಬೆಳಿಗ್ಗೆ ಅವನು ಸ್ನಾನಕ್ಕೆ ಹೋದಾಗ ಶಿವರಂಜಿನಿ, ಯಾರಿವಳು ನನ್ನ ಸವತಿ, ನಾನೂ ಕೇಳೋಣ ಎಂದು ಮುಳ್ಳನ್ನು ಅಂಚಿನಿಂದಲೇ ಇಟ್ಟಳು. ಕರಕರ ಸದ್ದಾಯಿತು. ಅದರೊಳಗಿಂದ ಒಂದು ಗಂಡು ದನಿ ಗತ್ತಿನಲ್ಲಿ ಎಣಿಸಿತು: “ಲಾಭ, ಎರಡು, ಮೂರು, ನಾಲ್ಕು!” ಆಮೇಲೆ ಡ್ರಮ್ಮು, ಆಮೇಲೆ ಹುಡುಗಿ.

ಈಶ್ವರ ಸೋಪಿನ ನೊರೆಯಲ್ಲೇ ಓಡಿಬಂದ. “ಏನಂದ? ಇನ್ನೊಂದ್ಸಲ ಹಾಕು!”

“ಮೊದ್ಲು ಟವಲ್ ಸರಿಯಾಗಿ ಸುತ್ಕೊಳ್ರೀ.”

“ಲಾಭ ಅಂತಿದಾರೆ ರಂಜಿನಿ! ನಮ್ಮ ತಾತ ಅಂಗಡೀಲಿ ತೆಂಗಿನಕಾಯಿ ಎಣಿಸ್ತಿದ್ದಿದ್ದು ಹೀಗೇ!”

ಪೇಟೆಯ ಹಳೇ ವ್ಯಾಪಾರಿಗಳು ಎಣಿಸುವಾಗ ಒಂದು ಎನ್ನುವುದಿಲ್ಲ. ಮೊದಲನೆಯದಕ್ಕೆ ‘ಲಾಭ’ ಎಂದು ಶುಭ ನುಡಿದೇ ಎರಡಕ್ಕೆ ಹೋಗುವುದು. ಈಶ್ವರ ಆ ಎಣಿಕೆ ಕೇಳುತ್ತಲೇ ಬೆಳೆದವನು. ಕಂಕುಳಲ್ಲಿ ಕೂಸಿಟ್ಟುಕೊಂಡು ಊರೆಲ್ಲ ಹುಡುಕಿದಂತಾಗಿತ್ತು ಅವನ ಪಾಡು.

ಸೂಟ್‌ಕೇಸಿನಂಥ ಪ್ಲೇಯರನ್ನು ಶಿವರಂಜಿನಿಯ ತೊಡೆಯ ಮೇಲಿಟ್ಟು ಸ್ಕೂಟರನ್ನು ಹಳೇ ವಾದ್ಯದಂಗಡಿಗಳಿರುವ ಬಳೇಪೇಟೆಗೆ ಬಿಟ್ಟ. ಹಾರ್ಮೋನಿಯಂ ಅಂಗಡಿಯ ಮುದುಕ ಗಂಗಾಧರಯ್ಯನವರು ಎಣಿಕೆಯಷ್ಟನ್ನೇ ಕೇಳಿ ಹೊಟ್ಟೆ ಹಿಡಿದು ನಕ್ಕರು. “ಈ ಗಂಟ್ಲು ಮರಿಯೋಕಾಗುತ್ತಾ? ಬಳೆ ಅಂಗಡಿ ಪರಮಶಿವಯ್ಯ! ಮಗಳ ಇಂಗ್ಲಿಷ್ ಹಾಡು ರೆಕಾರ್ಡ್ ಮಾಡಿಸ್ದ ಅಂತ ಪೇಟೆಯೆಲ್ಲ ಒಂದು ತಿಂಗಳು ಅದೇ ಮಾತು. ಆಯಮ್ಮ ಬಸವಮ್ಮ, ಈಗ್ಲೂ ಅಲ್ಲೇ ಎದುರು ಸಾಲಲ್ಲಿ ಕೂತಿರ್ತಾರೆ, ಹೋಗಿ.”

ಆ ಅಂಗಡಿ ನೋಡಿ ಶಿವರಂಜಿನಿ ಹಣೆ ಚಚ್ಚಿಕೊಂಡಳು. “ರೀ, ನಮ್ಮ ಮದ್ವೆ ಬಳೆ ತಗೊಂಡಿದ್ದು ಇಲ್ಲೇ! ನೀವು ಹೊರಗೆ ಆಕಳಿಸ್ತಾ ನಿಂತಿದ್ರಿ.”

ಬಸವಮ್ಮನವರಿಗೆ ಎಪ್ಪತ್ತು ದಾಟಿತ್ತು. ಹಣೆಯಲ್ಲಿ ವಿಭೂತಿ, ಕೈಯಲ್ಲಿ ಧೂಳು ಒರೆಸುವ ಬಟ್ಟೆ. ಪ್ಲೇಟು ನೋಡಿದವರೇ ಸ್ಟೂಲಿನ ಮೇಲೆ ಕೂತುಬಿಟ್ಟರು.

“ಇದು ಎಲ್ಲಿ ಸಿಕ್ತಪ್ಪಾ ನಿಮಗೆ? ಕಾಲೇಜಲ್ಲಿ ನನ್ನ ಗೆಳತಿ ಅಣ್ಣಂದು ಬ್ಯಾಂಡ್ ಇತ್ತು. ಅವ್ರ ಮನೇಲಿ ಕೇಳಿ ಕೇಳಿ ಕಲ್ತಿದ್ದು. ರೆಕಾರ್ಡಿಗೆ ಬೇಕಾದ್ರೆ ಹಾಡು, ಆದ್ರೆ ನಾನೂ ಜೊತೇಲಿ ಬರ್ತೀನಿ ಅಂದ್ರು ಅಪ್ಪಾಜಿ. ಅಲ್ಲಿ ಡ್ರಮ್ ಹುಡುಗ ಒನ್ ಅಂದಿದ್ದೇ ತಡ, ಎದ್ದು ನಿಂತ್ಬಿಟ್ರು. ಮಗಳು ಮೊದಲ್ನೇ ಸಲ ಹಾಡ್ತಿದಾಳೆ, ಲಾಭ ಅನ್ನದೆ ಶುರು ಮಾಡ್ತೀರೇನ್ರೋ ಅಂತ. ಕೊನೆಗೆ ಅವ್ರೇ ಎಣಿಸಿದ್ರು.”

“ಮತ್ತೆ ಪ್ಲೇಟೆಲ್ಲ ಏನಾಯ್ತಮ್ಮಾ?” ಎಂದ ಈಶ್ವರ.

“ಖುಷಿ ತಡೀಲಾರ್ದೆ ಸಗಟು ಬಳೆ ತಗೊಂಡೋರಿಗೆಲ್ಲ ಒಂದೊಂದು ಫ್ರೀ ಕೊಟ್ಬಿಟ್ರು! ಪ್ಲೇಯರ್ ಮುಖಾನೇ ನೋಡದಿರೋ ಜನ ಪಾಪ, ಮಡಿಕೆ ಮುಚ್ಚೋಕೆ ಇಟ್ಕೊಂಡ್ರೇನೋ. ಮನೆಗೆ ಅಂತ ಒಂದೂ ಉಳೀಲಿಲ್ಲ.”

ಈಶ್ವರ ಮುಳ್ಳನ್ನು ಅಂಚಿನಲ್ಲಿಟ್ಟ. ಗೀರು ಕರಕರ ಎಂದಿತು, ಪರಮಶಿವಯ್ಯ ಎಣಿಸಿದರು. ಬಸವಮ್ಮ ಕೈ ಎತ್ತಿದರು.

“ಹಾಡು ಬೇಡ. ಅದಷ್ಟೇ ಇನ್ನೊಂದ್ಸಲ ಹಾಕಿ.”

ಮತ್ತೆ ಹಾಕಿದ, ಮತ್ತೂ ಹಾಕಿದ. ಅವರ ಕಣ್ಣಲ್ಲಿ ನೀರು ಸುರಿಯುತ್ತಿತ್ತು, ಬಾಯಿ ತುಂಬ ನಗುವಿತ್ತು. “ಅವ್ರು ಹೋಗಿ ಎಷ್ಟೋ ವರ್ಷ ಆಯ್ತು. ಮುಖ ಫೋಟೋದಲ್ಲಿದೆ. ದನಿ ಮಾತ್ರ ಎಷ್ಟು ನೆನಪು ಮಾಡ್ಕೊಂಡ್ರೂ ಬರ್ತಿರ್ಲಿಲ್ಲ.”

ಈಶ್ವರ ಮುಳ್ಳು ಎತ್ತಿಟ್ಟ. ಲಂಡನ್ನಿನ ವಿಷಯ ಹೇಳಿದ, ಅಲ್ಲಿಗೆ ಹೋದ ಪ್ರತಿಯಲ್ಲಿ ಈ ಎಣಿಕೆ ಇಲ್ಲವೆಂಬುದನ್ನೂ ಹೇಳಿದ.

“ಹಾಡು ಹಾಕ್ಕೊಳ್ಳಿ, ನಂದೇನೂ ಅಡ್ಡಿಯಿಲ್ಲ” ಎಂದರು ಬಸವಮ್ಮ. “ಆದ್ರೆ ಅಪ್ಪಾಜೀನ ಬಿಟ್ಟು ನಾನೊಬ್ಳೇ ಅಷ್ಟು ದೂರ ಹೋಗೋಳಲ್ಲ.”

ಅವನು ಅಲ್ಲೇ ಫೋನು ತೆಗೆದು ಲಂಡನ್ನಿಗೆ ಬರೆದ: ಹಿಂದೆ ಕಳಿಸಿದ ಪ್ರತಿ ಬೇಡ, ಹೊಸದು ಕಳಿಸುತ್ತೇನೆ. ಮೊದಲಿನ ಕರಕರ ತೆಗೆಯಬೇಡಿ, ಅಲ್ಲಿ ಎಣಿಸುತ್ತಿರುವವರು ಗಾಯಕಿಯ ತಂದೆ. ಎಣಿಕೆ, ಪರಮಶಿವಯ್ಯ. ಹಾಡು, ಬಸವಮ್ಮ.

ಅಷ್ಟರಲ್ಲಿ ಹಸಿರು ಬಳೆ ಆರಿಸಿಟ್ಟುಕೊಂಡು ಕಾಯುತ್ತಿದ್ದ ಹೆಂಗಸೊಬ್ಬಳು ಬೇಸತ್ತು ಕೂಗಿದಳು. “ಅಮ್ಮಾ, ಒಂದು ಡಜನ್ ಎಣಿಸ್ಕೊಡಿ, ಹೊತ್ತಾಯ್ತು.”

“ಸ್ವಲ್ಪ ತಡ್ಕೊಳಮ್ಮ” ಎಂದು ಬಸವಮ್ಮ ಎದ್ದು ನಿಂತು ಸೆರಗು ಸಿಕ್ಕಿಸಿ ಈಶ್ವರನಿಗೆ ಕಣ್ಣಲ್ಲೇ ‘ಹಾಕಿ’ ಎಂದರು. “ಈಗ ನಮ್ಮ ಅಪ್ಪಾಜಿ ಎಣಿಸ್ತಾರೆ.”

ಪರಮಶಿವಯ್ಯ ಲಾಭದಿಂದ ನಾಲ್ಕರವರೆಗೆ ಎಣಿಸಿದರು, ಬಸವಮ್ಮ ತಾಳಕ್ಕೆ ಸರಿಯಾಗಿ ಹಾಡು ಎತ್ತಿಕೊಂಡರು.