ಮ್ಯಾಗ್ನೆಟ್ ಹಿಡಿದ ಬೋಲ್ಟು

ಕಮಲಾಪುರದ ಹೊರಗೆ ನೂಲಿಗೆ ಬಣ್ಣ ಹಾಕುವ ಒಂದು ಕಾರ್ಖಾನೆಯಿದೆ. ಎಲ್ಲ ಕಾರ್ಖಾನೆಗಳಲ್ಲಿರುವ ಗೋಳೇ ಅಲ್ಲಿಯೂ. ಇವತ್ತು ಈ ಪೈಪು ಸೋರುತ್ತದೆ, ನಾಳೆ ಆ ಪೈಪು. ಬೋಲ್ಟು ತುಕ್ಕು ಹಿಡಿದು ಕೂತುಬಿಡುತ್ತದೆ, ಪಾನಾ ಹಾಕಿ ಎಷ್ಟು ಜಗ್ಗಿದರೂ ತಿರುಗುವುದಿಲ್ಲ. ಅದನ್ನೆಲ್ಲ ನೋಡಿಕೊಳ್ಳುವವರು ದೌಲಪ್ಪ ಮೇಸ್ತ್ರಿ. ಇಪ್ಪತ್ತು ವರ್ಷದ ಅನುಭವ. ಅವರ ಹೆಂಡತಿ ನೀಲಗಂಗಮ್ಮನೂ ಅದೇ ಕಾರ್ಖಾನೆಯಲ್ಲಿ ನೂಲು ಎತ್ತಿಡುವ ಕೆಲಸ ಮಾಡುತ್ತಿದ್ದರು.

ಹೋದ ವರ್ಷ ಬೇಸಿಗೆಯಲ್ಲಿ ದೌಲಪ್ಪ ಕಲಬುರಗಿಗೆ ಬಂದರು, ಸ್ಟೇಶನ್ ಬಜಾರದ ನಮ್ಮ ಅಂಗಡಿಗೆ. ನಮ್ಮದು ನಟ್ಟು ಬೋಲ್ಟಿನ ಅಂಗಡಿ. ನನ್ನ ಅಬ್ಬಾ ಇನಾಯತ್ ಮೂವತ್ತು ವರ್ಷ ನಡೆಸಿದರು. ಅವರು ತೀರಿಕೊಂಡ ಮೇಲೆ ನಾನು, ಅಫ್ರೀನ್, ನಡೆಸುತ್ತಿದ್ದೇನೆ. ಮೆಕ್ಯಾನಿಕಲ್ ಡಿಪ್ಲೊಮಾ ಓದಿದವಳು ನಾನು. ಯಾವ ಬೋಲ್ಟು ಎಲ್ಲಿಗೆ ಎಂದು ನನಗೆ ಗೊತ್ತು. ಗೊತ್ತಿದ್ದೂ ಏನು ಮಾಡಿದೆ ಎನ್ನುವುದನ್ನೇ ನಿಮಗೆ ಹೇಳಬೇಕಾಗಿದೆ.

"ಅಫ್ರೀನ್ ಬೇಟಿ, ಎಂಟು ಸ್ಟೀಲ್ ಬೋಲ್ಟ್ ಕೊಡು. ಕಬ್ಬಿಣದ್ದು ಹಾಕಿ ಹಾಕಿ ಸಾಕಾಗ್ಯಾದ."

"ಎಲ್ಲಿಗಿ ಬೇಕ್ರಿ ಕಾಕಾ?"

"ಬಣ್ಣದ ನೀರಿನ ಪೈಪಿನ ಜಾಯಿಂಟಿಗಿ."

"ನೀರಾಗ ಉಪ್ಪು ಹಾಕ್ತೀರೇನ್ರಿ?"

"ಉಪ್ಪಿಲ್ಲದ ಬಣ್ಣ ಹ್ಯಾಂಗ ಹಿಡೀತದ? ಚೀಲಗಟ್ಲೆ ಹಾಕ್ತೀವಿ."

"ಬಿಸಿ ಎಷ್ಟ್ ಇರ್ತದ್ರಿ?"

"ಕೈ ಇಟ್ರ ತೊಗಲು ಸುಲೀತದ. ನಾ ಬೋಲ್ಟ್ ಕೇಳಿದ್ರ ನೀ ಅಡಿಗಿ ಕೇಳಾಕತ್ತೀಯಲ್ಲವ್ವಾ!"

ಅಂಗಡಿಯಲ್ಲಿದ್ದವರೆಲ್ಲ ನಕ್ಕರು. ನಾನೂ ನಕ್ಕೆ. ಆಮೇಲೆ ಒಳಗಿನಿಂದ ಮೂರು ಬಗೆಯ ಬೋಲ್ಟು ತಂದು ಅವರ ಮುಂದಿಟ್ಟೆ.

"ಇದರ ತಲಿ ಮ್ಯಾಲ ಎ2 ಅಂತ ಅದ ನೋಡ್ರಿ. ಗೇಟಿಗಿ, ತಣ್ಣೀರಿನ ಪೈಪಿಗಿ ಇದು ಛಲೋ. ಆದ್ರ ಬಿಸಿ ಉಪ್ಪುನೀರು ಇರೋ ಕಡೆ ಬಿಗಿದ್ರ ಒಳಗಿಂದೊಳಗ ಸೀಳ್ತದ. ಹೊರಗ ಮಿಂಚ್ತಾನ ಇರ್ತದ, ಒಂದಿನ ಪಟ್ ಅಂತದ. ಇದು ಎ4. ಉಪ್ಪಿಗಿ ಜಾಸ್ತಿ ತಡೀತದ, ಆದ್ರ ನೀವು ಹೇಳೋ ಬಿಸಿಗಿ ಇದನ್ನೂ ನಂಬಾಕ ಬರಂಗಿಲ್ಲ. ನಿಮಗ ಈ ಮೂರನೇದು ಬೇಕಾಗ್ತದ, ಡ್ಯೂಪ್ಲೆಕ್ಸ್ ಅಂತ ಬ್ಯಾರೆ ಸ್ಟೀಲ್, ಬಿಸಿ ಉಪ್ಪುನೀರಿಗೂ ತಡೀತದ. ತಲಿ ಮ್ಯಾಲ ಡಿ6 ಅಂತ ಅದ. ಒಮ್ಮೆ ನಿಮ್ಮ ಇಂಜಿನಿಯರ್ ಕಡಿಂದ ಬರೆಸ್ಕೊಂಡು ಬರ್ರಿ, ನೀರು ಎಂಥಾದ್ದು, ಬಿಸಿ ಎಷ್ಟು, ಒತ್ತಡ ಎಷ್ಟು ಅಂತ."

ದೌಲಪ್ಪ ಸೊಂಟದ ಕೀಲಿಗೊಂಚಲು ಬಿಚ್ಚಿ, ಅದಕ್ಕೆ ಕಟ್ಟಿದ್ದ ಮ್ಯಾಗ್ನೆಟ್ ತೆಗೆದರು.

ಆ ಮ್ಯಾಗ್ನೆಟ್ ಕೊಟ್ಟವರು ನಮ್ಮ ಅಬ್ಬಾ. ಆಗೆಲ್ಲ ಕೆಲವರು ಕಬ್ಬಿಣಕ್ಕೆ ಹೊಳಪು ಕೊಟ್ಟು ಸ್ಟೀಲ್ ಎಂದು ಮಾರುತ್ತಿದ್ದರು. ಅಬ್ಬಾ ಹಳೆಯ ರೇಡಿಯೋ ಸ್ಪೀಕರ್ ಒಡೆದು, ಮ್ಯಾಗ್ನೆಟ್ ತೆಗೆದು, ಕಾಯಂ ಗಿರಾಕಿಗಳಿಗೆ ಹಂಚುತ್ತಿದ್ದರು. ಹಿಡಿದರೆ ಕಬ್ಬಿಣ, ಹಿಡಿಯದಿದ್ದರೆ ಅಸಲಿ ಸ್ಟೀಲ್ ಎಂದು ಕಲಿಸಿದ್ದರು. ಆ ಕಾಲದ ಆ ಒಂದು ಮೋಸಕ್ಕೆ ಅದು ಸರಿಯಾಗಿತ್ತು. ಈಗಲೂ ಕಲಬುರಗಿಯ ಎಷ್ಟೋ ಮೇಸ್ತ್ರಿಗಳ ಕೀಲಿಗೊಂಚಲಲ್ಲಿ ಅಬ್ಬಾನ ಮ್ಯಾಗ್ನೆಟ್ ಇದೆ.

ದೌಲಪ್ಪ ಅದನ್ನು ಎ2 ಬೋಲ್ಟಿಗೆ ಇಟ್ಟರು. ಹಿಡಿಯಲಿಲ್ಲ. ಡಿ6 ಬೋಲ್ಟಿಗೆ ಇಟ್ಟರು. ಟಕ್ಕನೆ ಅಂಟಿಕೊಂಡಿತು.

"ನೋಡ್ರೆಪ್ಪಾ! ಕಬ್ಬಿಣ! ಇನಾಯತ್ ಭಾಯಿ ಮಗಳು ನನಗ ಟೋಪಿ ಹಾಕಾಕತ್ಯಾಳ!"

"ಟೋಪಿ ಅಲ್ರಿ ಕಾಕಾ. ಡ್ಯೂಪ್ಲೆಕ್ಸಿಗಿ ಮ್ಯಾಗ್ನೆಟ್ ಹಿಡೀತದ, ಅದರ ಗುಣಾನೇ ಹಂಗ. ಉಪ್ಪು ತಡೀತದೋ ಇಲ್ಲೋ ಅಂತ ಮ್ಯಾಗ್ನೆಟ್ ಹ್ಯಾಂಗ ಹೇಳ್ತದ್ರಿ?"

"ಹಂಗಾರ ನಿಮ್ಮ ಅಬ್ಬಾ ಕಲಿಸಿದ್ದು ಸುಳ್ಳೇನು?"

ಅಬ್ಬಾನ ಅಂಗಡಿಯಲ್ಲಿ ಕೂತು, ಅಬ್ಬಾನ ಮಾತು ಇದಕ್ಕೆ ನಡೆಯುವುದಿಲ್ಲ ಎಂದು ನಾಲ್ಕು ಜನರ ಎದುರು ಹೇಳಲು ಆಗಲಿಲ್ಲ. ನಾನು ಕೊಡದಿದ್ದರೆ ಪಕ್ಕದ ಅಂಗಡಿಯವರು ಕೊಡುತ್ತಾರೆ, ಹೇಳುವುದು ಹೇಳಿದ್ದಾಯಿತು ಎಂದುಕೊಂಡೆ. ಎಂಟು ಎ2 ಬೋಲ್ಟು ಚೀಲಕ್ಕೆ ಹಾಕಿ ಕೊಟ್ಟೆ. ಹೇಳಿದ್ದು ನಿಜ. ಆದರೆ ಕೊಟ್ಟವಳೂ ನಾನೇ.

ಎಂಟು ತಿಂಗಳು ಬೋಲ್ಟುಗಳು ಹೊಸವುಗಳಂತೆಯೇ ಇದ್ದವು. ಜಾಯಿಂಟಿನಲ್ಲಿ ಉಪ್ಪುನೀರು ಸ್ವಲ್ಪ ಸ್ವಲ್ಪ ಜಿನುಗುತ್ತಿತ್ತು. ದೌಲಪ್ಪ ಪ್ರತಿ ಸೋಮವಾರ ಬಟ್ಟೆಯಿಂದ ಒರೆಸಿ, "ಒಂದಕ್ಕಾದ್ರೂ ತುಕ್ಕು ಅದ ಏನು?" ಎಂದು ಎಲ್ಲರಿಗೂ ತೋರಿಸುತ್ತಿದ್ದರಂತೆ.

ಜನವರಿಯ ಒಂದು ಮುಂಜಾನೆ ಪಂಪು ಶುರುವಾಯಿತು. ನೀಲಗಂಗಮ್ಮ ಆ ಜಾಯಿಂಟಿನ ಪಕ್ಕದಲ್ಲಿ ಬಗ್ಗಿ ಬುಟ್ಟಿಗೆ ನೂಲು ತುಂಬುತ್ತಿದ್ದರು. ಒಂದು ಬೋಲ್ಟು ಮುರಿಯಿತು, ಭಾರ ತಾಳದೆ ಅದರ ಪಕ್ಕದ ಎರಡು ಮುರಿದವು. ಜಾಯಿಂಟು ಬಾಯಿ ಬಿಟ್ಟಿತು. ಕುದಿಯುತ್ತಿದ್ದ ಕೆಂಪು ನೀರು ನೇರ ಅವರ ಮುಖಕ್ಕೆ ಹೊಡೆಯಿತು.

ಕಲಬುರಗಿಯ ಆಸ್ಪತ್ರೆಗೆ ತರುವಷ್ಟರಲ್ಲಿ ರೆಪ್ಪೆ ಊದಿ ಕಣ್ಣು ಮುಚ್ಚಿಹೋಗಿದ್ದವು. ಮುಖದ ಮೇಲಿನ ಕೆಂಪು ಬಣ್ಣದ್ದೋ ಸುಟ್ಟದ್ದೋ, ತೊಳೆಯುವ ನರ್ಸಿಗೂ ಮೊದಲು ತಿಳಿಯಲಿಲ್ಲ. ಹದಿನೈದು ದಿನದ ಮೇಲೆ ಪಟ್ಟಿ ಬಿಚ್ಚಿದರು. ಎರಡೂ ಕಣ್ಣು ಹೋಗಿದ್ದವು.

ಸುದ್ದಿ ತಿಳಿದು ನಾನು ಹೋದಾಗ ದೌಲಪ್ಪ ವಾರ್ಡಿನ ಹೊರಗೆ ನೆಲದ ಮೇಲೆ ಕೂತಿದ್ದರು. ಜೇಬಿನಿಂದ ಮುರಿದ ಬೋಲ್ಟಿನ ತಲೆ ತೆಗೆದು, ನನ್ನ ಎದುರೇ ಮ್ಯಾಗ್ನೆಟ್ ಇಟ್ಟರು. ಹಿಡಿಯಲಿಲ್ಲ.

"ಅಸಲಿನೇ ಅದ ಅಲ್ಲೇನ್ ಬೇಟಿ," ಎಂದರು. "ಅಸಲಿ ಇದ್ದಿದ್ದು ಯಾಕ ಮುರೀತು?"

"ಬೋಲ್ಟ್ ಅಸಲಿನೇರಿ ಕಾಕಾ. ಆ ಜಾಗಕ್ಕ ಅದು ಅಲ್ಲ. ನಾ ಕೊಡಬಾರದಿತ್ತು."

ಅವರು ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಮಾರ್ಚಿನಲ್ಲಿ ಕಮಲಾಪುರಕ್ಕೆ, ಅವರ ಮನೆಗೆ ಹೋದೆ. ಕಾರ್ಖಾನೆಗೆ ಇಂಜಿನಿಯರ್ ಬಂದು, ಎಲ್ಲ ಜಾಯಿಂಟು ನೋಡಿ, ಎಲ್ಲಿಗೆ ಯಾವ ಬೋಲ್ಟು ಎಂದು ಬರೆದುಕೊಟ್ಟಿದ್ದರು. ಬಿಸಿ ಉಪ್ಪುನೀರಿನ ಪೈಪಿಗೆ ಡಿ6. ದೌಲಪ್ಪ ತಾವೇ ನಿಂತು ಎಲ್ಲವನ್ನೂ ಬದಲಿಸಿದ್ದರು. ನಾನು ಹೋದ ದಿನ ಒಂದು ಹೊಸ ಬೋಲ್ಟು ತಂದು ಹೆಂಡತಿಯ ಕೈಗೆ ಕೊಟ್ಟರು. ನೀಲಗಂಗಮ್ಮ ತಡಕಾಡಿ ಗಂಡನ ಕೀಲಿಗೊಂಚಲು ಹಿಡಿದು, ಮ್ಯಾಗ್ನೆಟ್ ಅದಕ್ಕೆ ಇಟ್ಟು ನೋಡಿದರು.

"ಹಿಡೀತಲ್ರೀ ಇದು."

"ಹೂಂ. ಹಿಡೀತದ. ಹಿಡಿಯೋದ ಬೇಕಾಗಿತ್ತಂತ."

"ತಲಿ ಮ್ಯಾಲ ಏನ್ ಬರ್ದಾರ, ಓದ್ರಿ."

"ಡಿ6."

"ಆ ಹಳೇದರ ಮ್ಯಾಲ ಏನಿತ್ರಿ?"

ದೌಲಪ್ಪ ತಲೆ ತಗ್ಗಿಸಿದರು. ಇಪ್ಪತ್ತು ವರ್ಷದಲ್ಲಿ ಅವರು ಬೋಲ್ಟಿನ ತಲೆ ಓದಿದವರೇ ಅಲ್ಲ.

"ಎ2 ಅಂತ ಇತ್ರಿ ಕಾಕು," ಎಂದು ನಾನೇ ಹೇಳಿದೆ. "ನನಗ ಗೊತ್ತಿತ್ತು."

ನೀಲಗಂಗಮ್ಮ ಬೋಲ್ಟಿನ ತಲೆಯ ಮೇಲಿನ ಅಕ್ಷರದ ಮೇಲೆ ಬೆರಳಾಡಿಸಿದರು. ಆಮೇಲೆ ಮೆಲ್ಲಗೆ ಹೇಳಿದರು, "ಹಂಗಾರ ನಿಮ್ಮಿಬ್ರಿಗೂ ಕಣ್ಣಿದ್ವು."

ಕಾರ್ಖಾನೆಯ ಅಣ್ಣಂದಿರೇ, ಅಕ್ಕಂದಿರೇ, ಈ ಮಾತು ನಿಮ್ಮ ಮನೆಯಲ್ಲಿ ಯಾರೂ ಹೇಳುವಂತಾಗಬಾರದು. ಸ್ಟೀಲ್ ಎಂದರೆ ಎಲ್ಲವೂ ಒಂದೇ ಅಲ್ಲ. ಪೈಪಿನಲ್ಲಿ ಹರಿಯುವುದು ಉಪ್ಪುನೀರೋ ಆಸಿಡ್ಡೋ, ಬಿಸಿ ಎಷ್ಟು, ಒತ್ತಡ ಎಷ್ಟು ಎಂದು ತಿಳಿದವರಿಂದ ಬರೆಸಿಕೊಂಡೇ ಬೋಲ್ಟು ಕೊಳ್ಳಿ. ತಲೆಯ ಮೇಲಿನ ಅಕ್ಷರ ಓದಿ. ಅಕ್ಷರವೇ ಇಲ್ಲದ ಬೋಲ್ಟು ಇಂಥ ಕಡೆ ಬೇಡ. ತಯಾರಿಸಿದವರ ಪರೀಕ್ಷೆಯ ಕಾಗದ ಕೇಳಿ, ನಾಚಿಕೊಳ್ಳಬೇಡಿ. ಜಾಯಿಂಟು ಜಿನುಗುತ್ತಿದ್ದರೆ ಒರೆಸಿ ಸುಮ್ಮನಾಗಬೇಡಿ, ಪಂಪು ನಡೆಯುವಾಗ ಬಿಗಿಯಲೂ ಹೋಗಬೇಡಿ. ಪಂಪು ನಿಲ್ಲಿಸಿ, ಮೇಲಿನವರಿಗೆ ಹೇಳಿ.

ಅಬ್ಬಾ ಬಿಟ್ಟುಹೋದ ಮ್ಯಾಗ್ನೆಟ್ಟಿನ ಡಬ್ಬಿ ಈಗ ನಮ್ಮ ಅಂಗಡಿಯ ಅಟ್ಟದ ಮೇಲಿದೆ. ಅದರ ಬದಲು ಗಿರಾಕಿಗಳಿಗೆ ಒಂದು ಚೀಟಿ ಕೊಡುತ್ತೇನೆ, ಮೇಲಿನ ಮೂರು ಪ್ರಶ್ನೆ ಬರೆದದ್ದು. ಉತ್ತರ ತರದವರಿಗೆ ಬೋಲ್ಟು ಕೊಡುವುದಿಲ್ಲ. ಪಕ್ಕದ ಅಂಗಡಿಗೆ ಹೋಗುತ್ತೇವೆ ಎಂದು ಎಷ್ಟೋ ಜನ ಸಿಟ್ಟಾಗಿ ಎದ್ದು ಹೋಗಿದ್ದಾರೆ. ಅದಕ್ಕೇ ನೀವು ಓದುತ್ತಿರುವ ಈ ಕರಪತ್ರ ಮೊದಲು ಕೊಟ್ಟದ್ದು ಪಕ್ಕದ ಅಂಗಡಿಯವರಿಗೆ.