ಒಂದೇ ತಟ್ಟು

ತಪ್ಪು ಉತ್ತರಕ್ಕೆ ಎರಡು ಸಲ, ಸರಿ ಉತ್ತರಕ್ಕೆ ಒಂದು ಸಲ. ಬೆರಳ ಗಂಟಿನಿಂದ ಮೇಜು ತಟ್ಟುವುದು ಟೀಚರಮ್ಮನ ಪದ್ಧತಿ. ಹಳ್ಳಿಯ ಒಂದೇ ಕೋಣೆಯ ಶಾಲೆಯಲ್ಲಿ ನಾಲ್ಕು ತರಗತಿಗಳು ಒಟ್ಟಿಗೆ ಕೂಗಾಡುವಾಗ ಗಂಟಲು ಹರಿದುಕೊಳ್ಳುವುದು ಯಾಕೆಂದು ಶುರುವಾದದ್ದು, ಹಾಗೇ ಮನೆಗೂ ಬಂತು. ಉತ್ತರವನ್ನು ತಾನಾಗಿ ಹೇಳಿಕೊಟ್ಟವಳೇ ಅಲ್ಲ. ಎರಡು ಸಲ ತಟ್ಟಿ ಸುಮ್ಮನೆ ಕಾಯುವಳು. ನಿವೃತ್ತಿಯಾದ ಮೇಲೂ ಗೋಡೆಯ ಬಣ್ಣದಿಂದ ಹಿಡಿದು ಸೊಸೆಯ ಆಯ್ಕೆಯವರೆಗೆ ಮನೆಯಲ್ಲಿ ಅವಳದೇ ಕಾರುಬಾರು. ಕಂಟ್ರಾಕ್ಟರನಾಗಿ ಹತ್ತಾರು ಆಳುಗಳ ಮೇಲೆ ಗುಡುಗುವ ಹಿರಿಯ ಮಗ, ಐವತ್ತು ದಾಟಿದವನು, ಹೊಸ ಗಾಡಿ ಕೊಳ್ಳುವ ಮುನ್ನ ಅಮ್ಮನ ಮೇಜಿನ ಮುಂದೆ ಕೈಕಟ್ಟಿ ನಿಂತಿದ್ದ. ಎರಡು ಸಲ ಕೇಳಿಸಿತು. ಗಾಡಿ ಬರಲಿಲ್ಲ.

ಅಂಥವಳಿಗೆ ಲಕ್ವ ಹೊಡೆಯಿತು. ಮಾತೂ ಬಲಗೈಯೂ ಒಟ್ಟಿಗೆ ಹೋದವು. ಉಳಿದದ್ದು ಎಡಗೈ, ಮತ್ತು ಏನೋ ಬೇಕು ಎಂದು ಬಿಡದೆ ಕೇಳುವ ಎರಡು ಕಣ್ಣು.

ಹಿಂದಿನ ಬೀದಿಯಲ್ಲಿ ಹೊಲಿಗೆ ಅಂಗಡಿ ನಡೆಸುವ ಮಗಳು ಬಾಗಿಲು ಹಾಕಿಕೊಂಡು ಬಂದು ಮಂಚದ ಪಕ್ಕ ಕೂತಳು.

"ನೀರಾ ಅಮ್ಮಾ?"

ಮಂಚದ ಕಬ್ಬಿಣದ ಸರಳಿನ ಮೇಲೆ ಎರಡು ಸಲ.

"ಕನ್ನಡಕಾನಾ? ಕಿಟಕಿ ತೆಗೀಲಾ? ಬೆನ್ನು ನೋಯ್ತಿದ್ಯಾ?"

ಎರಡು, ಎರಡು, ಎರಡು. ಎಡಗೈಗೆ ಬಳಪ ಕೊಟ್ಟು ನೋಡಿದರು. ಊರಿಗೆಲ್ಲ ಅಕ್ಷರ ತಿದ್ದಿಸಿದವಳು ಗೀಚಿದ್ದನ್ನು ಯಾರಿಂದಲೂ ಓದಲಾಗಲಿಲ್ಲ. ಅಕ್ಷರಗಳ ಗುರುತೇ ಅಳಿಸಿಹೋಗಿರಬೇಕು ಎಂದರು ಡಾಕ್ಟರು, ಹವಾಮಾನ ಹೇಳುವಷ್ಟು ಸಲೀಸಾಗಿ. ಸೊಸೆ ಪಾತ್ರೆ ಪಗಡೆ, ಹಳೆಯ ಸೀರೆ, ಗೋಡೆಯ ಫೋಟೋಗಳನ್ನೆಲ್ಲ ಮಂಚದ ಮುಂದೆ ಒಂದೊಂದಾಗಿ ಮೆರವಣಿಗೆ ಮಾಡಿಸಿದಳು. ಸರಳು ತಟ್ಟಿ ತಟ್ಟಿ ಅಮ್ಮನ ಬೆರಳಿನ ಚರ್ಮ ಸುಲಿಯಿತು. ಮಗಳು ಸರಳಿಗೆ ಬಟ್ಟೆ ಸುತ್ತಿ ಹೊಲಿದಳು. ಅವಳಿಗೆ ಬರುವ ಕೆಲಸ ಅದೊಂದೇ ತಾನೆ.

ಮೂರು ವಾರ ಹೀಗೇ ಕಳೆದ ಮೇಲೆ ಒಂದು ಸಂಜೆ ಮಗಳಿಗೆ ಕೇಳಲು ಏನೂ ಉಳಿಯಲಿಲ್ಲ. ಕಣ್ಣು ತುಂಬಿತ್ತು. ಬಾಯಿಗೆ ಬಂದದ್ದನ್ನು ಕೇಳಿದಳು. "ಶಾಲೆಗೆ ಹೋಗ್ಬೇಕಾ ಅಮ್ಮಾ?"

ಅಮ್ಮ ಅವಳ ಮುಖವನ್ನೇ ತುಂಬ ಹೊತ್ತು ನೋಡಿದಳು. ಆಮೇಲೆ ಒಂದೇ ಸಲ ತಟ್ಟಿದಳು.

ಮನೆಗೆ ಮನೆಯೇ ಉಸಿರುಬಿಟ್ಟಿತು. ಬೆಳಗಾದೊಡನೆ ಕುರ್ಚಿಯಲ್ಲಿ ಕೂರಿಸಿ ಹೊತ್ತೊಯ್ಯುವುದೆಂದು ಅಣ್ಣ ಆಳುಗಳಿಗೆ ಹೇಳಿಟ್ಟ. ಕುರ್ಚಿ ಅಂಗಳಕ್ಕೆ ಬರುವಷ್ಟರಲ್ಲಿ ಅಮ್ಮ ಹೋಗಿಬಿಟ್ಟಿದ್ದಳು.

ಈಗ ಮಾತಾಡಿಸಲು ಬಂದವರಿಗೆಲ್ಲ ಅಣ್ಣ ಅದನ್ನೇ ಹೇಳುತ್ತಿದ್ದ. ಕೊನೆಯ ಆಸೆಯೂ ಶಾಲೆಯೇ ನೋಡಿ. ಬಂದವರು ಮೂಗೆಳೆದುಕೊಳ್ಳುತ್ತಿದ್ದರು. ಮಗಳಿಗೂ ಅದರಿಂದ ಎಷ್ಟೋ ಸಮಾಧಾನವಾಗಿತ್ತು. ಕೊನೆಗೂ ಉತ್ತರ ಸಿಕ್ಕಿದ್ದು ತನಗೇ ಅಲ್ಲವೇ.

ಆಗ ಲಾರಿ ಡ್ರೈವರ್ ಬಂದ. ಶಾಲೆಯಲ್ಲಿ ಮಗಳ ಪಕ್ಕದ ಬೆಂಚಿನವನು. ಪೆದ್ದ ಎಂದೇ ಹೆಸರುವಾಸಿ, ಆ ಹೆಸರು ಇವತ್ತಿಗೂ ಬಿಟ್ಟಿಲ್ಲ. ಖಾಲಿ ಮೇಜಿನ ಮುಂದೆ ನಿಂತು ಹೇಳಿದ, "ಎಲ್ರೂ ನನ್ನ ಪೆದ್ದ ಅಂದ್ರು. ಟೀಚರು ಮಾತ್ರ ನನಗೆ ಕೊನೇಗೆ ಒಂದೇ ಸಲ ತಟ್ಟೋರು. ನನ್ನ ಉತ್ತರ ಸರಿ ಅಂತ ಒಪ್ಪಿದ್ದು ಅವರೊಬ್ರೇ."

ಮಗಳಿಗೆ ಮಗ್ಗಿ ಒಪ್ಪಿಸಿದ ಒಂದು ದಿನ ನೆನಪಾಯಿತು. ಅವತ್ತು ಅವನು ಹೇಳಿದ್ದು ಮೂವತ್ತೆಂಟು. ಶಾಲೆ ಬಿಟ್ಟು ಮನೆಗೆ ಬರುವ ದಾರಿಯಲ್ಲಿ ಅವಳು ಅಮ್ಮನನ್ನು ಬಿಡದೆ ಕೇಳಿದ್ದಳು. "ಆರೇಳ್ಲಿ ನಲವತ್ತೆರಡಲ್ವಾ? ಮತ್ತೆ ಯಾಕೆ ಒಂದೇ ಸಲ ತಟ್ಟಿದೆ?"

"ಇನ್ನೊಂದ್ಸಲ ತಪ್ಪು ಅಂದಿದ್ರೆ ಅತ್ತೇಬಿಡ್ತಿದ್ದ ಕಣೇ," ಅಂದಿದ್ದಳು ಅಮ್ಮ. "ಅವನ ಕೈಲಾಗೋದು ಅಷ್ಟೇ. ಪಾಪ, ಕೂತ್ಕೊಳ್ಲಿ ಅಂತ ತಟ್ಟಿದೆ."

ಆ ಸಂಜೆ ತನ್ನ ಮುಖವೂ ಹಾಗೇ ಇದ್ದಿರಬೇಕು. ಅಮ್ಮನಿಗೆ ಬೇಕಾಗಿದ್ದದ್ದು ಶಾಲೆಯಲ್ಲ. ಏನೆಂದು ಇನ್ನು ಯಾರಿಗೂ ಗೊತ್ತಾಗುವುದಿಲ್ಲ. ಬಾಯಿಲ್ಲದವಳಾಗಿ ಮೂರು ವಾರ ಕೇಳಿದಳು, ಹೆತ್ತ ಮಗಳು ಪಕ್ಕದಲ್ಲೇ ಕೂತಿದ್ದಳು, ಆದರೂ ಅದನ್ನು ಕೊಡಲಾಗಲಿಲ್ಲ. ಕೊನೆಗೆ ಅಮ್ಮ ಅದರ ಆಸೆಯನ್ನೇ ಬಿಟ್ಟು, ಮಗಳನ್ನು ಸಮಾಧಾನ ಮಾಡಿ ಹೋದಳು. ಮಗಳು ಮೇಜನ್ನು ಹಿಡಿದುಕೊಂಡಳು.

"ಶಾಲೆಗೆ ಇನ್ನೊಂದು ಕೋಣೆ ಕಟ್ಟಿಸ್ತೀನಿ," ಅನ್ನುತ್ತಿದ್ದ ಅಣ್ಣ ಇವಳತ್ತ ತಿರುಗಿದ. "ನೀನೇ ಅಲ್ವಾ ಕೇಳಿದ್ದು, ಇವರಿಗೆ ಹೇಳು. ಅಮ್ಮ ಕೇಳಿದ್ದು ಶಾಲೇನೇ ತಾನೆ?"

ಅವನ ತುಟಿ ನಡುಗುತ್ತಿತ್ತು. ನರೆತ ಮೀಸೆಯ ಕೆಳಗೆ ಮಗುವಿನ ಬಾಯಿ.

ಮಗಳು ಬೆರಳು ಮಡಚಿ ಅಮ್ಮನ ಮೇಜಿನ ಮೇಲೆ ಒಂದೇ ಸಲ ತಟ್ಟಿದಳು. ಅಣ್ಣ ಕಣ್ಣೊರೆಸಿಕೊಂಡು ಕೂತುಕೊಂಡ.